ಹಳೇ ಫ್ರೆಂಚ್ ಕುರ್ಚಿಗೆ ಢಾಳಾದ ಹೊಸ ಬಟ್ಟೆ ಹಾಕಿಸಿದರೆ ತಪ್ಪಾ?

ಲಿಯೋನ್_ಶಿರಸಿ
ಎಲ್ಲರಿಗೂ ನಮಸ್ಕಾರ. ನಾನಿರುವುದು ಫ್ರಾನ್ಸಿನ ಲಿಯೋನ್‌ನಲ್ಲಿ, ಊರು ಶಿರಸಿ. ಕಳೆದ ತಿಂಗಳು ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಜೋಡಿ ಕೈಕುರ್ಚಿ ಸಿಕ್ಕಿತು. ಎರಡಕ್ಕೂ ಸೇರಿ 180 ಯೂರೋ ಕೊಟ್ಟೆ. ಬೆನ್ನು ಮೊಟ್ಟೆಯಾಕಾರ, ಕಾಲು ನೆಟ್ಟಗೆ. ಕೆಳಕ್ಕೆ ಹೋಗುತ್ತಾ ಸಪೂರವಾಗುತ್ತದೆ, ಉದ್ದಕ್ಕೂ ಗೀರು ಕೊರೆದಿದ್ದಾರೆ. ಕಾಲು ಸೀಟಿಗೆ ಸೇರುವಲ್ಲಿ ಪುಟ್ಟ ಚೌಕ, ಅದರೊಳಗೆ ಒಂದು ಹೂವು. ಮಾರಿದವರು "ಲೂಯಿ ಸೇಜ್" ಅಂದರು, ಅಂದರೆ 16ನೇ ಲೂಯಿ ಮಾದರಿ.

ಈಗಿರುವ ಬಟ್ಟೆ ಮಾಸಿದ ಸಾಸಿವೆ ಬಣ್ಣದ ಮಖಮಲ್. ಕೈ ಇಡುವ ಕಡೆ ಹರಿದಿದೆ. ನನಗೆ ಒಂದು ಬಟ್ಟೆ ತುಂಬಾ ಹಿಡಿಸಿದೆ: ಕಡುನೀಲಿ ಮೇಲೆ ಅಂಗೈ ಅಗಲದ ಕಿತ್ತಳೆ ಮತ್ತು ಗುಲಾಬಿ ಎಲೆಗಳು. ಪಕ್ಕದ ಮನೆಯ ಅಜ್ಜಿ ಅದರ ತುಂಡನ್ನು ನೋಡಿದವರೇ ಮುಖ ಸಣ್ಣ ಮಾಡಿದರು. "ಇಂಥ ಕುರ್ಚಿಗೆ ಇದಾ? ಅನ್ಯಾಯ" ಅಂದರು. ಆಮೇಲೆ ನನಗೂ ಅನುಮಾನ ಶುರುವಾಗಿದೆ. ಹಳೇ ವಸ್ತುವಿಗೆ ನಾವು ಮಾಡುವ ಅವಮಾನವಾ ಇದು? ಬೆಲೆ ಹೋಗುತ್ತದಾ? ಗೊತ್ತಿರುವವರು ಹೇಳಿ.

ಬೆಲ್ಲದ_ಚಾ
ಹಾಕಿಸಿ! ಫೋಟೋ ಹಾಕೋದು ಮರೀಬೇಡಿ.

ಹಳೇಪೆಟ್ಟಿಗೆ
ನಾನು ಬೇಡ ಅನ್ನುವ ಪಕ್ಷ. 16ನೇ ಲೂಯಿ ಮಾದರಿಯ ಅಂದವೆಲ್ಲ ಅದರ ಸಮತೂಕದಲ್ಲಿದೆ. ಸಣ್ಣ ಗೀರು, ಸಣ್ಣ ಹೂವು, ಸಪೂರ ಕಾಲು. ಅದರ ಮೇಲೆ ಅಂಗೈ ಅಗಲದ ಎಲೆ ಬಂದರೆ ಕಣ್ಣು ಬೇರೆಲ್ಲೂ ಹೋಗುವುದಿಲ್ಲ. ಕೆತ್ತಿದವನ ಕೆಲಸ ಕಾಣದೇ ಹೋಗುತ್ತದೆ. ಸಣ್ಣ ಪಟ್ಟೆ ಅಥವಾ ತಿಳಿ ಬಣ್ಣದ ರೇಷ್ಮೆ ಹಾಕಿಸಿ. ಅದೂ ಲಿಯೋನ್‌ನಲ್ಲಿ ಕೂತು ರೇಷ್ಮೆ ಬಿಟ್ಟು ಬೇರೆ ಯೋಚನೆ ಯಾಕೆ? ರೇಷ್ಮೆಗೆ ಹೆಸರಾದ ಊರು ಅದು.

ಸೂಜಿದಾರ
ಬಟ್ಟೆಯ ಜಗಳ ಆಮೇಲೆ. ಮೊದಲು ಕುರ್ಚಿಯನ್ನು ಬೋರಲು ಹಾಕಿ.

ನಾನು ಬರ್ಮಿಂಗ್‌ಹ್ಯಾಮ್‌ನಲ್ಲಿ ಕುರ್ಚಿ, ಸೋಫಾಗಳ ಗಾದಿ ಕೆಲಸ ಕಲಿತು 11 ವರ್ಷ ಆಯಿತು. "ಲೂಯಿ ಸೇಜ್" ಅಂದರೆ ಆ ರಾಜನ ಕಾಲದ್ದು ಅಂತಲೂ ಆಗಬಹುದು, ಆ ಮಾದರಿಯಲ್ಲಿ ಆಮೇಲೆ ಮಾಡಿದ್ದು ಅಂತಲೂ ಆಗಬಹುದು. ರಾಜ ಆಳಿದ್ದು 1774ರಿಂದ 1792ರವರೆಗೆ. ಮಾದರಿ ಮಾತ್ರ ಸಾಯಲೇ ಇಲ್ಲ. 3ನೇ ನೆಪೋಲಿಯನ್ ಕಾಲದಲ್ಲಿ ರಾಣಿ ಯೂಜೆನಿಗೆ 16ನೇ ಲೂಯಿಯ ಹೆಂಡತಿ ಮೇರಿ ಆಂಟೋನೆಟ್ ಅಂದರೆ ಪ್ರಾಣ. ಹಾಗಾಗಿ 1850, 60ರ ದಶಕದಲ್ಲಿ ಈ ಮಾದರಿ ಮತ್ತೆ ಜೋರಾಗಿ ಬಂತು. ಸಂತೆಯಲ್ಲಿ ಸಿಗುವುದು ಜಾಸ್ತಿ ಆಗಿನದು, ಇಲ್ಲವೇ ಇನ್ನೂ ಈಚಿನದು.

ನೋಡಬೇಕಾದ್ದು ಇಷ್ಟು. ಸೀಟಿನ ಕೆಳಗೆ ಸ್ಪ್ರಿಂಗ್ ಇದೆಯಾ? 18ನೇ ಶತಮಾನದ ಕುರ್ಚಿಗೆ ಸ್ಪ್ರಿಂಗ್ ಇರಲಿಲ್ಲ. ನೇಯ್ದ ಅಗಲ ಪಟ್ಟಿ, ಅದರ ಮೇಲೆ ಗೋಣಿತಟ್ಟು, ಮೇಲೆ ಕುದುರೆ ಕೂದಲು, ಅಷ್ಟೇ. ಸ್ಪ್ರಿಂಗ್ ಬಳಕೆಗೆ ಬಂದದ್ದು ಸುಮಾರು 1830ರ ನಂತರ. ಹಾಗಂತ ಸ್ಪ್ರಿಂಗ್ ಕಂಡ ತಕ್ಷಣ ತೀರ್ಮಾನ ಬೇಡ. ಹಳೇ ಚೌಕಟ್ಟಿಗೆ ಆಮೇಲೆ ಸೇರಿಸಿರಲೂಬಹುದು. ಸ್ಪ್ರಿಂಗ್ ಇದ್ದರೆ ಪಟ್ಟಿಯನ್ನು ಚೌಕಟ್ಟಿನ ಕೆಳಮೈಗೆ ಹೊಡೆಯುತ್ತಾರೆ, ಇಲ್ಲದಿದ್ದರೆ ಮೇಲ್ಮೈಗೆ. ಮೇಲ್ಮೈಯಲ್ಲಿ ಹಳೇ ಮೊಳೆ ತೂತುಗಳ ಸಾಲು ಕಂಡರೆ ಖುಷಿ ಪಡಿ.

ಒಳಮೈಯಲ್ಲಿ ಗರಗಸದ ಗುರುತು ನೋಡಿ. ಬಿಲ್ಲಿನ ಹಾಗೆ ಬಾಗಿದ್ದರೆ ಯಂತ್ರದ ದುಂಡು ಗರಗಸ. ಚೌಕಟ್ಟಿನ ಹಿಂದಿನ ಮರದ ಕೆಳಗೆ ಅಕ್ಷರ ಒತ್ತಿದ್ದಾರಾ ನೋಡಿ. 1743ರ ನಿಯಮದ ಪ್ರಕಾರ ಪ್ಯಾರಿಸ್ಸಿನ ಬಡಗಿಗಳು ತಮ್ಮ ಹೆಸರಿನ ಮುದ್ರೆ ಒತ್ತಬೇಕಿತ್ತು. 1791ರಲ್ಲಿ ಬಡಗಿಗಳ ಸಂಘವೇ ರದ್ದಾಯಿತು.

ಮೂರನೇ_ಮಹಡಿ
ಮುದ್ರೆ ಇದ್ದ ಮಾತ್ರಕ್ಕೆ ನಂಬಬೇಡಿ. ಸುಳ್ಳು ಮುದ್ರೆಯೂ ಇರುತ್ತದೆ. ವರ್ಸೇಲ್ಸ್ ಅರಮನೆಯೇ 18ನೇ ಶತಮಾನದ್ದು ಅಂತ ಕೊಂಡ ಕುರ್ಚಿಗಳು ನಕಲಿ ಅನ್ನೋ ಸುದ್ದಿ 2016ರಲ್ಲಿ ಎಷ್ಟು ಗಲಾಟೆ ಆಗಿತ್ತು!

ಲಿಯೋನ್_ಶಿರಸಿ
ಬೋರಲು ಹಾಕಿ ನೋಡಿದೆ. ಕೆಳಗಿನ ಕಪ್ಪು ಬಟ್ಟೆ ಬಿಚ್ಚಿದಾಗ ಒಂದು ಬೊಗಸೆ ಧೂಳು ಉದುರಿತು. ಸ್ಪ್ರಿಂಗ್ ಇವೆ, ಒಂದೊಂದರಲ್ಲಿ ಐದು. ಪಟ್ಟಿ ಕೆಳಗೇ ಹೊಡೆದಿದ್ದಾರೆ. ಸಂದಿಯಲ್ಲಿ ಬೆರಳು ಹಾಕಿ ಮೇಲ್ಮೈ ಮುಟ್ಟಿದೆ, ನುಣ್ಣಗಿದೆ. ಗರಗಸದ ಗುರುತು ಬಾಗಿದೆ. ಮುದ್ರೆ ಇಲ್ಲ, ಸೀಮೆಸುಣ್ಣದಲ್ಲಿ ಬರೆದ 4 ಅನ್ನುವ ಅಂಕಿ ಮಾತ್ರ ಇದೆ. ಒಂದು ಹಿಂಗಾಲಿನಲ್ಲಿ ಸಣ್ಣ ತೂತುಗಳು, ತಟ್ಟಿದರೆ ಹಿಟ್ಟು ಬೀಳುತ್ತದೆ.

ಸೂಜಿದಾರ
ಹಾಗಾದರೆ 19ನೇ ಶತಮಾನದ ಕೊನೆ ಅಥವಾ 20ರ ಶುರು. ಮರ ಬಹುಶಃ ಬೀಚ್ ಅನ್ನುವ ಜಾತಿಯದು. ಒಳ್ಳೇ ಕುರ್ಚಿ, ಆದರೆ ಅಪರೂಪದ್ದಲ್ಲ. ಬೆಲೆ ಹೋಗುತ್ತದಾ ಅನ್ನುವ ಪ್ರಶ್ನೆಗೆ ಉತ್ತರ: ಹೋಗುವುದಿಲ್ಲ. ಈ ಥರದ ಕುರ್ಚಿಗೆ ಮಾಸಿದ ಮಖಮಲ್ ಇಟ್ಟುಕೊಂಡರೂ ಯಾರೂ ಜಾಸ್ತಿ ಕೊಡುವುದಿಲ್ಲ.

ಹಿಟ್ಟು ಬೀಳುತ್ತಿದ್ದರೆ ಹುಳು ಇನ್ನೂ ಬದುಕಿರಬಹುದು. ಮೊದಲು ಅದಕ್ಕೆ ಔಷಧಿ. ಬಟ್ಟೆ ಹಾಕಿದ ಮೇಲೆ ಮಾಡಲು ಬರುವುದಿಲ್ಲ. ಆ ಎರಡನ್ನೂ ಬೇರೆ ಮರದ ಸಾಮಾನಿನಿಂದ ದೂರ ಇಡಿ. ಧೂಳು ಕೊಡವುವಾಗ ಮಾಸ್ಕ್ ಹಾಕಿಕೊಳ್ಳಿ.

ಹಳೇಪೆಟ್ಟಿಗೆ
ಬೆಲೆ ಇಲ್ಲ ಅಂದ ಮಾತ್ರಕ್ಕೆ ಏನು ಬೇಕಾದರೂ ಮಾಡಬಹುದಾ? ನೂರು ವರ್ಷ ದಾಟಿದ ವಸ್ತು. ನನ್ನ ಮಾತು ದುಡ್ಡಿನದಲ್ಲ, ಅಂದದ್ದು.

ಮೇಷ್ಟ್ರು_ಮೈಸೂರು
ಹಳೇಪೆಟ್ಟಿಗೆಯವರೇ, ಅಂದದ ಮಾತನ್ನೇ ಆಡೋಣ. "ಆ ಕಾಲದ ಕುರ್ಚಿಗೆ ತಿಳಿ ಬಣ್ಣ" ಅನ್ನುವುದು ಎಲ್ಲಿಂದ ಬಂತು? ನಾವು ಮ್ಯೂಸಿಯಂಗಳಲ್ಲಿ ನೋಡುವ ಹಳೇ ಬಟ್ಟೆ ಇನ್ನೂರೈವತ್ತು ವರ್ಷ ಬಿಸಿಲು ತಿಂದದ್ದು. ಗಿಡದ ಬಣ್ಣಗಳಲ್ಲಿ ಎಷ್ಟೋ ಬೆಳಕಿಗೆ ನಿಲ್ಲುವುದಿಲ್ಲ. ಹಳೇ ಕಸೂತಿ ಅಥವಾ ನೇಯ್ದ ಚಿತ್ರಪಟದ ಹಿಂಬದಿ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ಮುಂದೆ ಕಂದು ಕಂಡದ್ದು ಹಿಂದೆ ಕೆಂಪು. ಮುಂದೆ ನೀಲಿ ಕಂಡ ಎಲೆ ಹಿಂದೆ ಹಸಿರು, ಯಾಕೆಂದರೆ ಅದರೊಳಗಿನ ಹಳದಿ ಹಾರಿಹೋಗಿರುತ್ತದೆ. ಫ್ರಾನ್ಸಿನ ಬೊವೆ ಮತ್ತು ಓಬ್ಯುಸ್ಸೋನ್ ಊರುಗಳ ಮಗ್ಗಗಳಿಂದ ಕುರ್ಚಿಗೆಂದೇ ನೇಯ್ದ ಚಿತ್ರಗಳು ಬರುತ್ತಿದ್ದವು. ನರಿ, ಕೊಕ್ಕರೆ, ಹೂಬುಟ್ಟಿ. ಅದರ ಮೇಲೆಯೇ ಜನ ಕೂರುತ್ತಿದ್ದರು!

ಮೇರಿ ಆಂಟೋನೆಟ್‌ಗಾಗಿ 1787ರಲ್ಲಿ ಜಾರ್ಜ್ ಜಾಕೋಬ್ ಮಾಡಿದ ಕುರ್ಚಿಗಳು ವರ್ಸೇಲ್ಸ್‌ನ ಪುಟ್ಟ ಟ್ರಿಯಾನೋನ್ ಅರಮನೆಯಲ್ಲಿವೆ. ಮರದಲ್ಲೇ ಗೋಧಿ ತೆನೆ, ಮಲ್ಲಿಗೆ ಕೆತ್ತಿ ಅದಕ್ಕೆ ನಿಜವಾದ ಹೂವಿನ ಬಣ್ಣ ಬಳಿದಿದ್ದಾರೆ. ಮೇಲೆ ಬಿಳಿ ಬಟ್ಟೆ, ಅದರ ತುಂಬ ಬಣ್ಣದ ಉಣ್ಣೆ ದಾರದ ಹೂವು. ಆ ರಾಣಿಯ ಕೋಣೆಗೆ ಪಕ್ಕದ ಮನೆ ಅಜ್ಜಿ ಬಂದಿದ್ದರೆ ಏನನ್ನುತ್ತಿದ್ದರು?

ಇನ್ನೊಂದು ವಿಷಯ. ದೊಡ್ಡ ಮನೆಗಳಲ್ಲಿ ಕೆಲವು ಕುರ್ಚಿಗಳ ಸೀಟು, ಬೆನ್ನು, ಕೈಯ ಮೆತ್ತೆ ಎಲ್ಲವೂ ಬೇರೆ ಬೇರೆ ಚೌಕಟ್ಟಿನ ಮೇಲಿರುತ್ತಿದ್ದವು. ಹಿಂದಿನಿಂದ ಒಂದು ಮರದ ತಿರುಗಣೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತಿತ್ತು. ಚಳಿಗಾಲಕ್ಕೆ ಮಖಮಲ್, ಬೇಸಿಗೆಗೆ ರೇಷ್ಮೆ. ಫ್ರೆಂಚರು ಅದನ್ನು "ಆ ಶಾಸಿ" ಅನ್ನುತ್ತಾರೆ. ಅಂದರೆ ಬಟ್ಟೆ ಬದಲಾಗಬೇಕು ಅಂತಲೇ ಕುರ್ಚಿ ಮಾಡುತ್ತಿದ್ದರು. ಮರ ಉಳಿಯುವುದು, ಬಟ್ಟೆ ಹೋಗಿ ಬರುವುದು.

ಮೂರನೇ_ಮಹಡಿ
ಮೇಷ್ಟ್ರೇ, ಅದು ಬಹಳ ಸಿರಿವಂತರ ಮನೆ ಮಾತು. ಸಾಮಾನ್ಯ ಮನೆಯಲ್ಲಿ ಒಂದೇ ಬಟ್ಟೆ ಮೂವತ್ತು ವರ್ಷ ಓಡುತ್ತಿತ್ತು, ಅದರ ಮೇಲೆ ಗೌಸು. ಈ ಜೋಡಿ ಕುರ್ಚಿ ಯಾರೋ ಅಂಗಡಿಕಾರನ ಮನೆಯದ್ದಿರಬಹುದು.

ಮೇಷ್ಟ್ರು_ಮೈಸೂರು
ಒಪ್ಪಿದೆ. ಎಲ್ಲರ ಮನೆಯಲ್ಲೂ ಹಾಗಿತ್ತು ಅಂತ ನಾನು ಹೇಳಲಿಲ್ಲ. ರಾಜನ ಮನೆಯ ಬಣ್ಣ ಅಂತ ನಾವು ನಂಬಿರುವುದು ರಾಜನ ಮನೆಯದ್ದಲ್ಲ ಅಂದೆ ಅಷ್ಟೇ.

ಚೀಟಿಬಟ್ಟೆ
ಈ ಮಾತುಕತೆಗೆ ನಮ್ಮ ಕಡೆಯ ಕೊಂಡಿಯೂ ಇದೆ, ಯಾರೂ ಹೇಳಲಿಲ್ಲ. 17ನೇ ಶತಮಾನದಲ್ಲಿ ಇಂಡಿಯಾದಿಂದ, ಅದರಲ್ಲೂ ಕೋರಮಂಡಲ ತೀರದಿಂದ, ಹೂವು ಬಳ್ಳಿ ಬರೆದ ಹತ್ತಿ ಬಟ್ಟೆ ಹಡಗು ಹಡಗು ಫ್ರಾನ್ಸಿಗೆ ಹೋಗುತ್ತಿತ್ತು. ನಮ್ಮಜ್ಜಿ ಚೀಟಿ ಬಟ್ಟೆ ಅನ್ನುತ್ತಿದ್ದರಲ್ಲ, ಅದೇ ಜಾತಿ. ಒಗೆದರೂ ಬಣ್ಣ ಹೋಗದ ಬಟ್ಟೆ ಅವರಿಗೆ ಹೊಸದು. ಎಲ್ಲರೂ ಮುಗಿಬಿದ್ದರು. ರೇಷ್ಮೆ, ಉಣ್ಣೆ ನೇಯುವವರಿಗೆ ಹೊಟ್ಟೆಪಾಡಿನ ಭಯವಾಯಿತು. 1686ರಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. 1759ರವರೆಗೆ, 73 ವರ್ಷ! ಜನ ಕದ್ದು ತಂದು ಮನೆಯೊಳಗೆ ಹಾಕಿಕೊಂಡರು. ನಿಷೇಧ ತೆಗೆದ ಮರುವರ್ಷವೇ ಓಬರ್‌ಕಾಂಫ್ ಎನ್ನುವವರು ವರ್ಸೇಲ್ಸ್ ಹತ್ತಿರದ ಜುಯಿ ಊರಲ್ಲಿ ಬಟ್ಟೆಗೆ ಅಚ್ಚೊತ್ತುವ ಕಾರ್ಖಾನೆ ತೆಗೆದರು. ಈಗ ಎಲ್ಲರೂ "ಅಪ್ಪಟ ಫ್ರೆಂಚ್" ಅನ್ನುವ ತ್ವಾಲ್ ದ ಜುಯಿ ಬಟ್ಟೆ ಹುಟ್ಟಿದ್ದು ಹೀಗೆ.

ಲಿಯೋನ್ ಅಕ್ಕ, ನಿಮ್ಮ ಕಿತ್ತಳೆ ಎಲೆಗೆ ಯಾರಾದರೂ ಮುಖ ಸಣ್ಣ ಮಾಡಿದರೆ ಈ ಕತೆ ಹೇಳಿ.

ಗುಳೇದಗುಡ್ಡ_ಮಗಳು
ಚೀಟಿ ಬಟ್ಟೆ ಅಂದಿದ್ದಕ್ಕೆ ಕೇಳ್ತೀನಿ, ನಮ್ಮೂರ ಖಣ ಹಾಕಿದರೆ ಹೇಗಿರುತ್ತದೆ? ಕೆಂಪು ಖಣ, ಮೊಟ್ಟೆಯಾಕಾರದ ಬೆನ್ನಿನ ಮೇಲೆ! ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ.

ಸೂಜಿದಾರ
ನೋಡಲು ಚೆಂದ, ಕೂರಲು ಆಗಲ್ಲ ತಂಗಿ. ಖಣ ಕುಪ್ಪಸಕ್ಕೆ ನೇಯ್ದದ್ದು. ಎಳೆ ತೆಳು, ಅಗಲ ಕಡಿಮೆ. ಕೂತು ಎದ್ದು ಮಾಡಿದರೆ ವರ್ಷದೊಳಗೆ ಹೊಲಿಗೆ ಹತ್ತಿರ ಬಾಯಿ ಬಿಡುತ್ತದೆ. ಬೆನ್ನಿನ ಹೊರಮೈಗೆ ಹಾಕಬಹುದು. ಅಲ್ಲಿ ಉಜ್ಜುವುದೇ ಇಲ್ಲ. ಹಿಂದಿನವರೂ ಗೋಡೆ ಕಡೆ ಇರುವ ಹೊರಬೆನ್ನಿಗೆ ಅಗ್ಗದ ಬೇರೆ ಬಟ್ಟೆ ಹಾಕುತ್ತಿದ್ದರು.

ಗುಳೇದಗುಡ್ಡ_ಮಗಳು
ಹೊರಬೆನ್ನಿಗೆ ಖಣ! ಲಿಯೋನ್ ಅಕ್ಕ, ದಯವಿಟ್ಟು ಯೋಚನೆ ಮಾಡಿ. ಬೇಕಾದರೆ ನಾನೇ ಕಳಿಸ್ತೀನಿ.

ದಾವಣಗೆರೆ_ಬೆಣ್ಣೆ
ನನ್ನ ಅನುಭವ ಹೇಳಿಬಿಡ್ತೀನಿ, ಬೇರೆಯವರಿಗೆ ಹೀಗಾಗಬಾರದು. ನಾವು ಬ್ರಸೆಲ್ಸ್‌ನಲ್ಲಿದ್ದಾಗ ಇಂಥದ್ದೇ ಒಂದು ಕುರ್ಚಿ ಕೊಂಡಿದ್ದೆವು. 15ನೇ ಲೂಯಿ ಮಾದರಿ, ಬಾಗಿದ ಕಾಲು. ಗಾದಿ ಕೆಲಸದವರೊಬ್ಬರಿಗೆ ಕೊಟ್ಟೆವು. ಬಟ್ಟೆ ನಾವೇ ಆರಿಸಿದ್ದು, ಕಪ್ಪು ಬಿಳುಪಿನ ದಪ್ಪ ಪಟ್ಟೆ. ಅದರ ಬಗ್ಗೆ ಈಗಲೂ ಬೇಜಾರಿಲ್ಲ. ಆದರೆ ಅವರು ಒಳಗಿದ್ದ ಕುದುರೆ ಕೂದಲನ್ನೆಲ್ಲ ಕಿತ್ತು ಎಸೆದು ಫೋಮ್ ತುಂಬಿದರು. ನಮ್ಮನ್ನು ಒಂದು ಮಾತೂ ಕೇಳಲಿಲ್ಲ. ಮನೆಗೆ ಬಂದಾಗ ಸೀಟು ಬನ್ನಿನ ಹಾಗೆ ಉಬ್ಬಿತ್ತು. ಕೂತರೆ ಕೈ ಇಡುವ ಜಾಗ ಸೊಂಟದ ಹತ್ತಿರ ಬರುತ್ತಿತ್ತು, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಆರು ವರ್ಷಕ್ಕೆ ಫೋಮ್ ಪುಡಿಪುಡಿ. ಅಮ್ಮ ಬಂದಿದ್ದಾಗ ಅದರಲ್ಲಿ ಕೂರಲು ಆಗದೆ ಎರಡು ತಿಂಗಳು ಡೈನಿಂಗ್ ಟೇಬಲ್ ಕುರ್ಚಿಯಲ್ಲೇ ಕಳೆದರು. ಅದು ನನಗೆ ಈಗಲೂ ನೋವು.

ಹಳೇಪೆಟ್ಟಿಗೆ
ಇದನ್ನೇ ನಾನು ಹೇಳುವುದು. ಬಟ್ಟೆ ಧೈರ್ಯ ಬಂದವರಿಗೆ ಒಳಗಿನದನ್ನೂ ಬದಲಾಯಿಸುವ ಧೈರ್ಯ ಬರುತ್ತದೆ.

ಸೂಜಿದಾರ
ಎರಡನ್ನೂ ಒಂದೇ ಗಂಟು ಕಟ್ಟಬೇಡಿ. ಬಟ್ಟೆ ಹೊಸದು, ಒಳಗಿನದು ಹಳೆಯದು, ಎರಡೂ ಒಟ್ಟಿಗೆ ಇರಬಹುದು. ಕುದುರೆ ಕೂದಲು ಸಾಯುವುದಿಲ್ಲ. ತೊಳೆದು, ಒಣಗಿಸಿ, ಬಿಡಿಸಿ ಹಿಂಜಿದರೆ ಮತ್ತೆ ಪುಟಿಯುತ್ತದೆ. ನೂರು ವರ್ಷದ ಕೂದಲನ್ನು ನಾನೇ ಎಷ್ಟೋ ಸಲ ಮತ್ತೆ ತುಂಬಿದ್ದೇನೆ. ಅಂಚಿಗೆ ಉದ್ದ ಸೂಜಿಯಲ್ಲಿ ಹೊಲಿಗೆ ಹಾಕಿ ಗಟ್ಟಿ ದಿಂಡು ಮಾಡುತ್ತಾರೆ. ಸೀಟಿನ ಗೆರೆ ನೇರವಾಗಿ ಚೂಪಾಗಿ ಕಾಣುವುದು ಅದರಿಂದಲೇ. ಫೋಮ್‌ನಲ್ಲಿ ಆ ಗೆರೆ ಬರುವುದಿಲ್ಲ. ಢಾಳಾದ ಬಟ್ಟೆಗೆ ಆ ಗೆರೆ ಇನ್ನೂ ಜಾಸ್ತಿ ಬೇಕು. ಗೆರೆ ಇಲ್ಲದಿದ್ದರೆ ದೊಡ್ಡ ಎಲೆಗಳು ಮೂಟೆಗೆ ಸುತ್ತಿದ ಹಾಗೆ ಕಾಣುತ್ತವೆ.

ಕೆಲಸಕ್ಕೆ ಕೊಡುವಾಗ ಮೊದಲ ಪ್ರಶ್ನೆ ಬಟ್ಟೆಯದ್ದಲ್ಲ, "ಕೂದಲು ಉಳಿಸಿಕೊಳ್ಳುತ್ತೀರಾ?" ಅನ್ನುವುದು. ಹೂಂ ಅನ್ನದಿದ್ದರೆ ಎದ್ದು ಬನ್ನಿ.

ಬಡಗಿ_ಮನೆ
ಸ್ಟೇಪ್ಲರ್ ಪಿನ್ ಹೊಡೆಯುವವರ ಹತ್ತಿರವೂ ಹೋಗಬೇಡಿ. ಮೊಳೆಯೇ ಆಗಬೇಕು.

ಸೂಜಿದಾರ
ಇದನ್ನು ನಾನು ಒಪ್ಪುವುದಿಲ್ಲ. ಒಳಪಟ್ಟಿಗೆ ಮೊಳೆ ಸರಿ. ಆದರೆ ನಾಲ್ಕು ಸಲ ಬಟ್ಟೆ ಬದಲಾಗಿರುವ ಚೌಕಟ್ಟು ಜರಡಿಯಾಗಿರುತ್ತದೆ. ಅದಕ್ಕೆ ಮತ್ತೆ ಸುತ್ತಿಗೆಯಲ್ಲಿ ಹೊಡೆದರೆ ಸೀಳುತ್ತದೆ, ಕೂಡಿಸಿದ ಕಡೆ ಸಡಿಲವಾಗುತ್ತದೆ. ಸಣ್ಣ ಕಾಲಿನ ಪಿನ್ ಮೇಲ್ಬಟ್ಟೆಗೆ ಎಷ್ಟೋ ಮೃದು. ಮೊದಲು ಹಳೇ ತೂತುಗಳಿಗೆ ಮರದ ಪುಡಿ ಮತ್ತು ಸರೇಸು (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಅಂಟು) ಕಲಸಿ ತುಂಬಬೇಕು.

ಬಡಗಿ_ಮನೆ
ಸರೇಸು ಅಂದಿದ್ದು ಖುಷಿಯಾಯಿತು. ಈಗಿನವರು ಎಲ್ಲಕ್ಕೂ ಬಿಳಿ ಗೋಂದು ಸುರಿಯುತ್ತಾರೆ. ಸರೇಸು ಆದರೆ ಮುಂದೆ ಯಾರಾದರೂ ಬಿಸಿ ನೀರು ಸೋಕಿಸಿ ಬಿಚ್ಚಬಹುದು. ಪಿನ್ ವಿಷಯ ಯೋಚಿಸ್ತೀನಿ.

ಮೂರನೇ_ಮಹಡಿ
ಹಳೇ ರೂಪ, ಹೊಸ ಮೈ ಅಂದರೆ ನನಗೆ ನೆನಪಾಗುವುದು ವಿನ್ಯಾಸಕಾರ ಫಿಲಿಪ್ ಸ್ಟಾರ್ಕ್ ಅವರ ಲೂಯಿ ಘೋಸ್ಟ್ ಕುರ್ಚಿ. 2002ರಲ್ಲಿ ಕಾರ್ಟೆಲ್ ಕಂಪನಿ ತಂದದ್ದು. ನಿಮ್ಮದೇ ಮೊಟ್ಟೆಯಾಕಾರದ ಬೆನ್ನು, ಆದರೆ ಪೂರ್ತಿ ಪಾರದರ್ಶಕ ಪ್ಲಾಸ್ಟಿಕ್. ಬಟ್ಟೆಯೇ ಇಲ್ಲ. ಮದುವೆ ಹಾಲುಗಳಲ್ಲೆಲ್ಲ ಈಗ ಅದರ ನಕಲು.

ಬೆಲ್ಲದ_ಚಾ
ಅದರಲ್ಲಿ ಕೂತರೆ ಬೇಸಿಗೆಯಲ್ಲಿ ಬೆನ್ನೆಲ್ಲ ಬೆವರು. ನನಗೆ ಇಷ್ಟ ಇಲ್ಲ.

ಮೇಷ್ಟ್ರು_ಮೈಸೂರು
ಅದಕ್ಕೂ ಮುಂಚೆ 1978ರಲ್ಲಿ ಇಟಲಿಯ ಅಲೆಸ್ಸಾಂಡ್ರೋ ಮೆಂಡಿನಿ ಒಂದು ಕುರ್ಚಿ ಮಾಡಿದರು, ಪ್ರೂಸ್ಟ್ ಕುರ್ಚಿ ಅಂತ ಹೆಸರು. ಹಳೇ ಕಾಲದ ರೂಪದ ದೊಡ್ಡ ಕುರ್ಚಿ. ಫ್ರೆಂಚ್ ಚಿತ್ರಕಾರ ಸಿನ್ಯಾಕ್ ಅವರ ಚಿತ್ರದ ಬಣ್ಣದ ಚುಕ್ಕೆಗಳನ್ನು ಬಟ್ಟೆ ಮೇಲೂ ಮರದ ಮೇಲೂ ಕೈಯಲ್ಲೇ ಬರೆದರು. ಬಟ್ಟೆ ಎಲ್ಲಿ ಮುಗಿಯಿತು, ಮರ ಎಲ್ಲಿ ಶುರುವಾಯಿತು ಅಂತ ತಿಳಿಯುವುದಿಲ್ಲ. ಈ ಬಟ್ಟೆ ಬದಲಾಯಿಸುವ ಆಟಕ್ಕೆ ದೊಡ್ಡ ತಿರುವು ಕೊಟ್ಟದ್ದು ಅದು ಅಂತ ನನ್ನ ಅಭಿಪ್ರಾಯ.

ಹಳೇಪೆಟ್ಟಿಗೆ
ಅದು ಹೊಸದಾಗಿ ಮಾಡಿದ ಕುರ್ಚಿ, ಮೇಷ್ಟ್ರೇ. ಯಾರ ಹಳೇ ಕೆಲಸವನ್ನೂ ಮುಚ್ಚಲಿಲ್ಲ. ಅದಕ್ಕೆ ನನ್ನ ತಕರಾರಿಲ್ಲ. ಇದರಿಂದ ಸ್ಫೂರ್ತಿ ಪಡೆದು ಲಿಯೋನ್ ಅವರು ಮರಕ್ಕೂ ಬಣ್ಣ ಬಳಿದುಬಿಟ್ಟಾರು ಅಂತ ಭಯ.

ಲಿಯೋನ್_ಶಿರಸಿ
ಮರ ಬಿಳಿ ಮಾಡೋಣ ಅಂತ ಒಮ್ಮೆ ಅನಿಸಿದ್ದು ನಿಜ.

ಸೂಜಿದಾರ
ಬೇಡ. ಇದೊಂದರಲ್ಲಿ ನಾನು ಹಳೇಪೆಟ್ಟಿಗೆಯವರ ಕಡೆ. ಬಟ್ಟೆ ಇಷ್ಟವಾಗದಿದ್ದರೆ ಹತ್ತು ವರ್ಷಕ್ಕೆ ತೆಗೆಯಬಹುದು. ಬಣ್ಣ ಗೀರುಗಳೊಳಗೆ ಕೂತರೆ ತೆಗೆಯಲು ಕೆರೆಯಬೇಕು. ಕೆರೆದರೆ ಕೆತ್ತನೆಯ ಚೂಪು ಹೋಗುತ್ತದೆ. ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆದು ಜೇನುಮೇಣ ತಿಕ್ಕಿ, ಸಾಕು.

ನಂದಿನಿ_ಬೂತ್
ಬೆಂಗಳೂರಲ್ಲಿ "ಫ್ರೆಂಚ್ ಚೇರ್" ಅಂತ ಸಾಗುವಾನಿಯಲ್ಲಿ ಮಾಡಿಕೊಡ್ತಾರಲ್ಲ, ಅದಕ್ಕೂ ಇದೇ ನಿಯಮವಾ?

ಬಡಗಿ_ಮನೆ
ಅದು ಹೊಸದು, ನಿಮ್ಮಿಷ್ಟ. ಆದರೆ ಅದರೊಳಗೆ ಸಾಮಾನ್ಯವಾಗಿ ಫೋಮೇ ಇರುತ್ತದೆ. ಒಳ್ಳೇ ಗಟ್ಟಿ ಫೋಮ್ ಕೇಳಿ ಹಾಕಿಸಿ. ಮರ ಚೆನ್ನಾಗಿ ಒಣಗಿದೆಯಾ ನೋಡಿ. ಹಸಿ ಮರವಾದರೆ ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಕೂಡಿಸಿದ ಕಡೆಯೆಲ್ಲ ಬಿಡುತ್ತದೆ.

ಲಿಯೋನ್_ಶಿರಸಿ
ಬಟ್ಟೆ ಎಷ್ಟು ಬೇಕು? ನಾನು ಆರಿಸಿದ್ದರ ಅಗಲ 140 ಸೆಂಟಿಮೀಟರ್. ಚಿತ್ರ ಮರುಕಳಿಸುವುದು 64 ಸೆಂಟಿಮೀಟರಿಗೊಮ್ಮೆ. ಮೀಟರಿಗೆ 90 ಯೂರೋ, ಅದಕ್ಕೇ ಕೇಳುತ್ತಿದ್ದೇನೆ.

ಸೂಜಿದಾರ
ಸಾದಾ ಬಟ್ಟೆಯಾದರೆ ಜೋಡಿಗೆ 3 ಮೀಟರ್ ಸಾಕು. ನಿಮ್ಮದಕ್ಕೆ 4 ಇಟ್ಟುಕೊಳ್ಳಿ. ದೊಡ್ಡ ಚಿತ್ರದಲ್ಲಿ ತುಂಡು ಎಲ್ಲಿಂದ ಬೇಕೋ ಅಲ್ಲಿಂದ ಕತ್ತರಿಸಲು ಬರುವುದಿಲ್ಲ. ಬೆನ್ನಿನ ನಟ್ಟನಡುವೆ ಒಂದು ಪೂರ್ತಿ ಎಲೆ ಬರಬೇಕು, ಸೀಟಿನ ನಡುವೆ ಇನ್ನೊಂದು. ಎರಡೂ ಕುರ್ಚಿ ಪಕ್ಕಪಕ್ಕ ಇಟ್ಟಾಗ ಒಂದಕ್ಕೊಂದು ಹೊಂದಬೇಕು. ಒಂದು ಕಡೆ ಅರ್ಧ ಎಲೆ, ಇನ್ನೊಂದು ಕಡೆ ತೊಟ್ಟು ಬಂದರೆ ಎಷ್ಟು ದುಬಾರಿ ಬಟ್ಟೆಯೂ ಹಾಳು.

ಮನೆಯಲ್ಲಿ ಹೀಗೆ ಮಾಡಿ. ಬಿಳಿ ಕಾಗದವನ್ನು ಬೆನ್ನಿನ ಮೊಟ್ಟೆಯ ಅಳತೆಗೆ ಕತ್ತರಿಸಿ. ನಡುವೆ ಅದೇ ಆಕಾರದ ತೂತು ಇರುವ ದೊಡ್ಡ ಕಾಗದ ಉಳಿಯುತ್ತದಲ್ಲ, ಅದನ್ನು ಅಂಗಡಿಗೆ ಒಯ್ದು ಬಟ್ಟೆ ಮೇಲೆ ಸರಿಸಿ ಸರಿಸಿ ನೋಡಿ. ಯಾವ ಭಾಗ ಬೆನ್ನಿಗೆ ಅಂತ ಅಲ್ಲೇ ಗೊತ್ತಾಗುತ್ತದೆ.

ಬಟ್ಟೆಯ ಚೀಟಿಯಲ್ಲಿ ಮಾರ್ಟಿಂಡೇಲ್ ಅಂಕಿ ನೋಡಿ. ಎಷ್ಟು ಸಲ ಉಜ್ಜಿದರೆ ಸವೆಯುತ್ತದೆ ಅನ್ನುವ ಲೆಕ್ಕ ಅದು. ದಿನಾ ಕೂರುವ ಕುರ್ಚಿಗೆ 25,000ಕ್ಕಿಂತ ಜಾಸ್ತಿ ಇರಲಿ.

ಹಳೇಪೆಟ್ಟಿಗೆ
ಕಾಗದದ ಉಪಾಯ ಚೆನ್ನಾಗಿದೆ. ನನ್ನ ತಿಳಿ ಪಟ್ಟೆಗೂ ಬಳಸುತ್ತೇನೆ.

ಲಿಯೋನ್_ಶಿರಸಿ
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಹುಳುವಿನ ಔಷಧಿ ಆಯಿತು. ನಮ್ಮ ಬೀದಿಯ ಕೊನೆಯಲ್ಲೇ ಗಾದಿ ಕೆಲಸದ ಒಬ್ಬರು ಸಿಕ್ಕರು. "ಕೂದಲು ಉಳಿಸುತ್ತೀರಾ" ಅಂದಿದ್ದಕ್ಕೆ "ಮತ್ತೇನು ಮಾಡಲಿ?" ಅಂದರು. ನಾನಿರುವುದು ಕ್ರುವಾ ರೂಸ್ ಗುಡ್ಡದ ಮೇಲೆ, ಹಿಂದೆ ರೇಷ್ಮೆ ನೇಕಾರರಿದ್ದ ಕಡೆ. ಜಕಾರ್ಡ್ ಮಗ್ಗ ಹಿಡಿಸಲೆಂದೇ ಸೂರು ಸುಮಾರು 4 ಮೀಟರ್ ಎತ್ತರ. ಅವರ ಕೆಲಸದ ಜಾಗವೂ ಅಂಥದ್ದೇ.

ಬಟ್ಟೆ ಬಿಚ್ಚುವ ದಿನ ನನ್ನನ್ನೂ ಕರೆದರು. ಮೊಳೆ ಒಂದೊಂದಾಗಿ ಎಬ್ಬಿಸಿದೆವು. ಸಾಸಿವೆ ಮಖಮಲ್ ಕೆಳಗೆ ಹಸಿರು ಬಟ್ಟೆಯ ಚೂರುಗಳು. ಅದರ ಕೆಳಗೆ, ಹಿಂಬದಿ ಮೂಲೆಯ ಮೊಳೆಗಳಡಿ, ಬೆರಳಗಲದ ಒಂದು ತುಂಡು. ಬೆಳಕೇ ಕಂಡಿರಲಿಲ್ಲ. ಕಡುಗೆಂಪು, ಅದರ ಮೇಲೆ ಹಳದಿ ಬಳ್ಳಿ. ಎಷ್ಟು ಗಾಢ ಅಂದರೆ ನನ್ನ ಕಿತ್ತಳೆ ಎಲೆ ಅದರ ಮುಂದೆ ಸೌಮ್ಯವಾಗಿ ಕಂಡಿತು. ಅವರು ಮೊಳೆಗಳನ್ನು ಡಬ್ಬಿಗೆ ಹಾಕುತ್ತಾ "ಇದೇ ಮೊದಲನೆಯದು ಇರಬೇಕು" ಅಂದರು.

ಪಕ್ಕದ ಮನೆ ಅಜ್ಜಿಗೆ ಆ ತುಂಡು ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ನೀಲಿ ಬಟ್ಟೆ ಅವರಿಗೆ ಈಗಲೂ ಇಷ್ಟವಿಲ್ಲ, ಆದರೆ ಕುರ್ಚಿ ಬಂದ ದಿನ ಕರೆಯಬೇಕಂತೆ.

ಹಳೇಪೆಟ್ಟಿಗೆ
ಆ ಕೆಂಪು ತುಂಡನ್ನು ಎಸೆಯಬೇಡಿ. ಒಂದು ಲಕೋಟೆಯಲ್ಲಿಟ್ಟು, ದಿನಾಂಕ ಬರೆದು, ಸೀಟಿನ ಕೆಳಗಿನ ಬಟ್ಟೆಯೊಳಗೆ ಸೇರಿಸಿ. ನಿಮ್ಮ ನೀಲಿಯ ಒಂದು ತುಂಡೂ ಅದರಲ್ಲೇ ಇರಲಿ. ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ, ನನಗೆ ಆ ಎಲೆ ಈಗಲೂ ದೊಡ್ಡದೇ. ಆದರೆ ಆ ಕುರ್ಚಿಗೆ ಹೊಸದಲ್ಲ ಅಂತ ಒಪ್ಪುತ್ತೇನೆ.

ಗುಳೇದಗುಡ್ಡ_ಮಗಳು
ಹೊರಬೆನ್ನು ಇನ್ನೂ ಖಾಲಿ ಇದೆಯಾ ಅಕ್ಕ? ಖಣ ಕೆಂಪೇ ಕಳಿಸಲಾ? ಆ ತುಂಡಿನ ಬಣ್ಣಕ್ಕೆ ಹೊಂದುತ್ತದೆ.

ಲಿಯೋನ್_ಶಿರಸಿ
ಕಳಿಸಿ. ಒಂದು ಹೊರಬೆನ್ನಿಗೆ 50 ಸೆಂಟಿಮೀಟರ್ ಅಗಲ, 55 ಎತ್ತರ ಬೇಕಂತೆ. ಎರಡು ಕುರ್ಚಿಗಾಗುವಷ್ಟು.